ನೀಲಿ ಬಕೆಟ್ಟಿನ ಸಬ್ಬಸಿಗೆ

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ಕನ್ನಡದವರ ಮನೆಗಳಲ್ಲಿ ಯಾವುದರ ಬಾಲ್ಕನಿಯಲ್ಲಿ ನಾಲ್ಕು ಹಸಿರೆಲೆ ಕಂಡರೂ ಅದರ ಹಿಂದೆ ಶೋಭನಾಳ ಬೈಗುಳ ಇದೆಯೆಂದೇ ತಿಳಿಯಬೇಕು. ಏಪ್ರಿಲ್ ಬಂದು ಸಮುದ್ರದ ಗಾಳಿ ಮುಖ ಕೊಯ್ಯುವುದನ್ನು ಕೊಂಚ ಕಡಿಮೆ ಮಾಡಿತೆಂದರೆ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಎಲ್ಲರೂ ಟೆಲಿಕಾಂ ಸಾಫ್ಟ್‌ವೇರಿನವರು. ಒಂದು ಹಿಡಿ ಮೆಂತ್ಯ ಬಿತ್ತುವುದಕ್ಕೂ ಮೀಟಿಂಗ್ ಕರೆಯುವ ಜನ. ಶೋಭನಾ ಒಂದು ಶನಿವಾರ ಅವರನ್ನೆಲ್ಲ ತನ್ನ ಅಪಾರ್ಟ್‌ಮೆಂಟಿನ ಅಂಗಳಕ್ಕೆ ಕರೆಸಿ, ಖಾಲಿ ಅಕ್ಕಿ ಚೀಲ, ಐಸ್‌ಕ್ರೀಮ್ ಡಬ್ಬಿ, ಮೊಸರಿನ ಬಕೆಟ್ಟುಗಳ ನಡುವೆ ಕೂರಿಸಿ ಪಾಠ ಮಾಡುತ್ತಾಳೆ.

"ಮೊದ್ಲು ತಳಕ್ಕೆ ತೂತು ಮಾಡಿ. ತೂತಿಲ್ದೆ ಇರೋ ಡಬ್ಬಿಗೆ ನೀರು ಹುಯ್ದ್ರೆ ಅದು ಪಾಟ್ ಅಲ್ಲ, ಕೆರೆ," ಎನ್ನುತ್ತಾಳೆ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಲ್ಲಿ ಉಜ್ಜಿ ಎರಡು ಹೋಳು ಮಾಡಿ ತೋರಿಸುತ್ತಾಳೆ. ಮಣ್ಣಿಗೆ ಬೆರಳು ಇಳಿಸಿ, ಒಳಗೂ ಒಣಗಿದ್ದರೆ ಮಾತ್ರ ನೀರು ಎನ್ನುತ್ತಾಳೆ. ನಮ್ಮವರ ದೊಡ್ಡ ರೋಗವೆಂದರೆ ಪ್ರೀತಿ ಹೆಚ್ಚಾಗಿ ದಿನಕ್ಕೆ ಎರಡು ಹೊತ್ತು ನೀರು ಹಾಕಿ ಗಿಡ ಕೊಳೆಸುವುದು. ಹರಿವೆ, ದಂಟುಗಳನ್ನು ಜೂನ್ ಶುರುವಿನ ತನಕ ಕಿಟಕಿಯ ಒಳಗೇ ಇಡಬೇಕು. ಬೇಸಿಗೆ ಬಂತೆಂದು ಹಿಗ್ಗಿ ಹೊರಗಿಟ್ಟರೆ, ಇಲ್ಲಿಯವರು 'ಕಬ್ಬಿಣದ ರಾತ್ರಿಗಳು' ಎನ್ನುವ ಕೊನೆಯ ಮಂಜು ಬಿದ್ದು ಬೆಳಗಾಗುವಷ್ಟರಲ್ಲಿ ಎಲ್ಲ ಕರ್ರಗಾಗಿರುತ್ತದೆ. ಸಲಾಡ್ ಎಲೆಯ ಪಾಠ ಮಾತ್ರ ಅವಳು ಕೈ ಹಿಡಿದು ಕಲಿಸುತ್ತಾಳೆ. ನಾವು ಕಟ್ಟು ಸೊಪ್ಪಿನ ಜನ, ಕಂಡದ್ದನ್ನು ಬುಡಸಮೇತ ಕಿತ್ತು ಅಭ್ಯಾಸ. "ಹೊರಗಿನ ಎಲೆ ಕಟ್ ಮಾಡ್ಕೊಳ್ಳಿ, ನಡುವಿನ ಕುಡಿ ಮುಟ್ಬೇಡಿ. ಕುಡಿ ಇದ್ರೆ ಅದು ವಾಪಸ್ ಬರುತ್ತೆ."

ಆಫೀಸಿನಲ್ಲಿ ಅವಳದು ಟೆಸ್ಟಿಂಗ್ ಕೆಲಸ. ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಳ್ಳುವವಳು ಮನೆಯಲ್ಲೂ ಅದನ್ನೇ ಮಾಡುತ್ತಾಳೆ ಎಂದು ಗಂಡ ರಾಮದಾಸ ನಗುತ್ತಾನೆ. ಅವನ ಕೈಗುಣವೋ, ಕೇಳಲೇಬೇಡಿ. ಮದುವೆಯಾದ ಹೊಸದರಲ್ಲಿ ತಂದಿಟ್ಟ ಕಳ್ಳಿ ಗಿಡವೇ ಅವನ ಉಪಚಾರ ತಾಳದೆ ಸತ್ತಿತ್ತು. ಕೊತ್ತಂಬರಿಗೂ ಸೆಲರಿಗೂ ವ್ಯತ್ಯಾಸ ತಿಳಿಯದ ಆಸಾಮಿ. ಬಾಲ್ಕನಿಗೆ ಬರುವುದು ಸೈಕಲ್ಲು ಒರೆಸಲು, ಬಟ್ಟೆ ಒಣಹಾಕಲು, ಅಷ್ಟೆ.

ಇಷ್ಟೆಲ್ಲ ಕಲಿಸುವ ಶೋಭನಾ ಕಳೆದ ವರ್ಷದ ತನಕ ಒಂದನ್ನು ಮಾತ್ರ ಕಲಿಸುತ್ತಿರಲಿಲ್ಲ. ಯಾರಾದರೂ "ಅಕ್ಕ, ಸಬ್ಬಸಿಗೆ ಹಾಕ್ಬಹುದಾ?" ಎಂದರೆ, "ಅಂಗಡೀಲಿ ಸಿಗುತ್ತಲ್ಲ, ತಗೊಳ್ಳಿ" ಎಂದು ಮುಂದಿನ ಡಬ್ಬಿಗೆ ಹೋಗಿಬಿಡುತ್ತಿದ್ದಳು. ಸಿಗುವುದೂ ಹೌದು. ಈ ದೇಶದವರಿಗೆ ಸಬ್ಬಸಿಗೆಯಿಲ್ಲದೆ ಊಟವೇ ಇಳಿಯುವುದಿಲ್ಲ. ಡಿಲ್ ಎಂದು ಕರೆದು ಆಲೂಗಡ್ಡೆಯ ಮೇಲೆ, ಮೀನಿನ ಮೇಲೆ, ಮೊಸರಿನ ಮೇಲೆ, ಚಿಪ್ಸಿನ ಮೇಲೆ ಕೂಡ ಉದುರಿಸುತ್ತಾರೆ. ಆಫೀಸಿನ ಕ್ಯಾಂಟೀನಿನಲ್ಲಿ ಆ ವಾಸನೆ ಬಂದ ದಿನ ಶೋಭನಾ ತಟ್ಟೆ ಇಟ್ಟು ಎದ್ದು ಹೋಗುತ್ತಿದ್ದಳು. ಫೀಕಾ ಎನ್ನುವ ಇಲ್ಲಿಯ ಕಾಫಿ ತಿಂಡಿಯ ಬಿಡುವಿನಲ್ಲಿ ಬರೀ ಕಾಫಿ ಕುಡಿದು ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದಳು. ಯಾರೂ ಕಾರಣ ಕೇಳಿರಲಿಲ್ಲ. ಸ್ವೀಡನ್ನಿನಲ್ಲಿ ಯಾರೂ ಯಾರನ್ನೂ ಕಾರಣ ಕೇಳುವುದಿಲ್ಲ.

ಕಾರಣ ಏಳು ವರ್ಷದ ಹಿಂದಿನದು. ಶೋಭನಾ ಬಸುರಿಯಾಗಿದ್ದಳು. ಜುಲೈಯಲ್ಲಿ ಹೆರಿಗೆ ಎಂದು ಹೇಳಿದ್ದರು. ಚನ್ನರಾಯಪಟ್ಟಣದಿಂದ ಅವಳ ಅಮ್ಮ ಬಾಣಂತನಕ್ಕೆ ಬರುವುದೆಂದು ಟಿಕೆಟ್ ಆಗಿತ್ತು. ಬರುವ ಮುಂಚೆ ಅಮ್ಮ ಊರಿನವರೊಬ್ಬರ ಕೈಲಿ ಓಮ, ಶುಂಠಿಪುಡಿ, ಅಂಟುಗಳ ಜೊತೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಸಬ್ಬಸಿಗೆ ಬೀಜ ಕಳಿಸಿದ್ದಳು. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಹಾಕಿದರೆ ಎದೆಹಾಲು ಚೆನ್ನಾಗಿ ಬರುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. "ಅಲ್ಲಿ ಸಿಗೋದು ಎಂಥದೋ ಏನೋ. ನಾನ್ ಬಂದ್ ಮೇಲೆ ನಾನೇ ಹಾಕ್ತೀನಿ, ನೀನು ಮುಟ್ಬೇಡ," ಎಂದಿದ್ದಳು ಫೋನಿನಲ್ಲಿ.

ಅಮ್ಮನದು ಹಳೆಯ ಕಾಲದ ನೇಮ. ಮಗು ಹುಟ್ಟುವ ತನಕ ಮಗುವಿನದೆಂದು ಏನನ್ನೂ ಮನೆಗೆ ತರಬಾರದು. ತೊಟ್ಟಿಲಿಲ್ಲ, ಬಟ್ಟೆಯಿಲ್ಲ, ಹೆಸರೂ ಬಾಯಿಬಿಟ್ಟು ಹೇಳುವಂತಿಲ್ಲ. ಶೋಭನಾ ಅದನ್ನು ಪಾಲಿಸಿದ್ದಳು. ತಪಾಸಣೆಗೆ ಹೋದಾಗ ಮಿಡ್‌ವೈಫ್ "ಹಾಸಿಗೆ ಎಲ್ಲ ತಂದಾಯಿತೇ?" ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಗಿಡದ ವಿಷಯದಲ್ಲಿ ಅವಳೊಳಗಿನ ಎಂಜಿನಿಯರು ಸುಮ್ಮನಿರಲಿಲ್ಲ. ಇಲ್ಲಿಯ ಬೇಸಿಗೆ ಎಷ್ಟು ದಿನದ್ದು! ಅಮ್ಮ ಬಂದು, ಬಿತ್ತಿ, ಸೊಪ್ಪು ಕೈಗೆ ಬರುವಷ್ಟರಲ್ಲಿ ಬಾಣಂತನವೇ ಮುಗಿದಿರುತ್ತದೆ. ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸಿ, ಮೇ ತಿಂಗಳಲ್ಲಿ, ರಾಮದಾಸ ತಂದುಕೊಟ್ಟ ನೀಲಿ ಬಕೆಟ್ಟಿಗೆ ತೂತು ಮಾಡಿ, ಮಣ್ಣು ತುಂಬಿ, ಬಟ್ಟೆಯ ಗಂಟು ಬಿಚ್ಚಿ ಬಿತ್ತಿಬಿಟ್ಟಳು. ಅದು ಅವಳ ಮೊದಲ ಬೆಳೆ. ಎಷ್ಟು ಚೆನ್ನಾಗಿ ಬಂತೆಂದರೆ, ದಿನವೂ ಕುರ್ಚಿ ಹಾಕಿಕೊಂಡು ಅದರ ಎದುರು ಕೂತು ಹೊಟ್ಟೆ ಸವರಿಕೊಳ್ಳುತ್ತಿದ್ದಳು.

ಜೂನ್‌ನಲ್ಲಿ, ಮಿಡ್‌ಸಮ್ಮರ್ ಹಬ್ಬದ ಹಿಂದಿನ ದಿನ, ಮಗು ಅಲುಗಾಡುತ್ತಿಲ್ಲ ಎನ್ನಿಸಿ ಆಸ್ಪತ್ರೆಗೆ ಹೋದರು. ಒಳಗೇ ಹೋಗಿಬಿಟ್ಟಿತ್ತು. ಯಾರ ತಪ್ಪೂ ಇಲ್ಲ, ಹೀಗೆ ಕೆಲವು ಸಲ ಆಗುತ್ತದೆ ಎಂದು ಡಾಕ್ಟರು ಅವಳ ಕೈ ಹಿಡಿದು ಹೇಳಿದರು. ಅಂದೇ ಹೆರಿಗೆ ಮಾಡಿಸಿದರು, ಹೆಣ್ಣು ಮಗು. ನೋಡುತ್ತೀರಾ, ಎತ್ತಿಕೊಳ್ಳುತ್ತೀರಾ ಎಂದು ಕೇಳಿದರು. ಶೋಭನಾ ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಹಬ್ಬದ ಊಟವೆಂದು ತಟ್ಟೆಯಲ್ಲಿ ಎಳೆ ಆಲೂಗಡ್ಡೆ ಬಂತು, ಮೇಲೆ ಹಚ್ಚನೆಯ ಸಬ್ಬಸಿಗೆ. ಅದರ ವಾಸನೆ ಮೂಗಿಗೆ ಬಡಿದದ್ದೇ ಎದೆ ಬಿಗಿದು ಹಾಲು ಇಳಿಯಿತು. ಕುಡಿಯುವವರಿಲ್ಲದ ಹಾಲು. ನಿಲ್ಲಲು ಮಾತ್ರೆ ಕೊಟ್ಟರು.

ಅಮ್ಮನ ಟಿಕೆಟ್ ರದ್ದಾಯಿತು. ಬರಬೇಡ ಎಂದವಳು ಶೋಭನಾಳೇ. ಅಮ್ಮ ಫೋನಿನಲ್ಲಿ ಅತ್ತಳು, ಆಮೇಲೆ ಸಮಾಧಾನ ಹೇಳಿದಳು: "ಹೆಸರಿಟ್ಟಿಲ್ಲ, ಹಲ್ಲು ಬಂದಿಲ್ಲ. ಇಂಥವಕ್ಕೆ ತಿಥಿಗಿಥಿ ಏನೂ ಇಲ್ಲ ಕಣಮ್ಮ. ಮರ್ತುಬಿಡು." ಬೀಜದ ವಿಷಯ ಅಮ್ಮ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ಅವಳ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ತೊಟ್ಟಿಲು ತರಲಿಲ್ಲ, ಬಟ್ಟೆ ತರಲಿಲ್ಲ; ಹಾಲಿನ ಸೊಪ್ಪನ್ನು ಮಾತ್ರ ಬಿತ್ತಿ ಕೂತೆನಲ್ಲ. ಡಾಕ್ಟರು ಏನೇ ಹೇಳಲಿ, ತಪ್ಪು ಯಾರದೆಂದು ಶೋಭನಾಳಿಗೆ ಗೊತ್ತಿತ್ತು. ತಪ್ಪು ಹುಡುಕುವುದೇ ಅವಳ ಕೆಲಸ.

ಬಾಲ್ಕನಿಯ ಬಾಗಿಲನ್ನು ಅವಳು ಹಿಮ ಬಿದ್ದು ಕರಗುವ ತನಕ ತೆಗೆಯಲಿಲ್ಲ. ಗಾಜಿನ ಆಚೆ ಸಬ್ಬಸಿಗೆ ಸೊಂಟದೆತ್ತರ ಬೆಳೆದು, ಹಳದಿ ಹೂವು ಬಿಟ್ಟು, ಬೀಜ ಉದುರಿಸಿ, ಒಣಗಿ ನಿಂತಿತು. ಮುಂದಿನ ಮೇ ತಿಂಗಳಲ್ಲಿ ಬಾಗಿಲು ತೆಗೆದರೆ ಬಕೆಟ್ಟಿನ ತುಂಬ ಸೂಜಿಯಂಥ ಎಳೆ ಮೊಳಕೆಗಳು. ಶೋಭನಾ ಬಹಳ ಹೊತ್ತು ನೋಡಿದಳು. "ಬಂದ್ಯಾ?" ಎಂಬ ಮಾತು ತಾನಾಗಿ ಬಾಯಿಂದ ಬಂತು. ಆಮೇಲೆ ಕೂತು ಒಂದೊಂದನ್ನೂ ಕಿತ್ತಳು. ಆ ಎರಡೆಲೆಯ ಕೂಸುಗಳಿಗೂ ಆಗಲೇ ಅದೇ ವಾಸನೆ. ಪಾತ್ರೆ ಸೋಪು ಹಾಕಿ ಉಜ್ಜಿದರೂ ಅದು ಬೆರಳಿನಿಂದ ಹೋಗಲಿಲ್ಲ.

ಬಾಲ್ಕನಿ ಖಾಲಿ ಇದ್ದರೆ ಕಣ್ಣು ನೀಲಿ ಬಕೆಟ್ಟಿಗೇ ಹೋಗುತ್ತದೆಂದು ಅವಳು ಅದರ ಸುತ್ತ ಬೇರೆ ಡಬ್ಬಿಗಳನ್ನು ಇಡುತ್ತ ಹೋದಳು. ಮೆಂತ್ಯ, ಪಾಲಕ್, ಲೆಟ್ಯೂಸ್, ಕೆಂಪು ಹರಿವೆ. ಊರವರು ಹೊಗಳುವ ತೋಟ ಹುಟ್ಟಿದ್ದು ಹೀಗೆ. ನೀಲಿ ಬಕೆಟ್ಟಿಗೆ ಏನನ್ನೂ ಬಿತ್ತಲಿಲ್ಲ. ಎಸೆಯಲಿಕ್ಕೂ ಕೈ ಬರಲಿಲ್ಲ. ಆದರೂ ಪ್ರತಿ ಮೇ ತಿಂಗಳು ಅದು ಬಂತು. ಪ್ರತಿ ಸಲ "ಬಂದ್ಯಾ?" ಎಂದು ಕೇಳಿ, ಅಳುತ್ತ ಕಿತ್ತಳು. ಬಿದ್ದ ಬೀಜ ಹುಟ್ಟುತ್ತಿದೆ ಎಂದು ಮೊದಲು ತನಗೆ ತಾನೇ ಹೇಳಿಕೊಂಡಳು. ಮೂರನೆಯ ವರ್ಷ ಹಳೆಯ ಮಣ್ಣೆಲ್ಲ ಚೆಲ್ಲಿ, ಬಕೆಟ್ಟು ತೊಳೆದು, ಅಂಗಡಿಯ ಮೊಹರು ಒಡೆಯದ ಚೀಲದಿಂದ ಹೊಸ ಮಣ್ಣು ತುಂಬಿದಳು. ಎರಡು ವಾರ ಕಳೆಯುವಷ್ಟರಲ್ಲಿ ನಡುವಿನಲ್ಲೇ ಮೊಳಕೆ. ಸುತ್ತಲಿನ ಒಂದು ಡಬ್ಬಿಯಲ್ಲೂ ಇಲ್ಲ, ಅದೊಂದರಲ್ಲೇ. ಯಾವ ಬೀಜಕ್ಕೆ ಎಷ್ಟು ವರ್ಷ ಜೀವ ಎಂದು ನಾಲ್ಕು ಜನಕ್ಕೆ ಪಾಠ ಹೇಳುವವಳು ಅಂದು ಬಾಲ್ಕನಿಯ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಅವಳಿಗೆ ಸಂಶಯ ಉಳಿಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ ಅಮ್ಮನ ಮುಖ ನೋಡಲು ಆ ಮಗು ಬರುತ್ತಿದೆ. ಬಂದಾಗಲೆಲ್ಲ ಅಮ್ಮ ಕಿತ್ತು ಎಸೆಯುತ್ತಿದ್ದಾಳೆ.

ರಾಮದಾಸನಿಗೆ ಇದನ್ನು ಹೇಳಲಿಲ್ಲ. ಅವನೂ ಆ ಜೂನ್ ತಿಂಗಳ ಬಗ್ಗೆ ಒಮ್ಮೆಯೂ ಮಾತೆತ್ತಿರಲಿಲ್ಲ. ಗಂಡಸು, ಮರೆತಿದ್ದಾನೆ, ಪುಣ್ಯವಂತ ಎಂದುಕೊಂಡಿದ್ದಳು.

ಕಳೆದ ವರ್ಷ ಏಪ್ರಿಲ್‌ನಲ್ಲಿ ರಾಮದಾಸನನ್ನು ಕಂಪನಿಯವರು ಜುಲೈ ತನಕ ಬೆಂಗಳೂರು ಆಫೀಸಿಗೆ ಕಳಿಸಿದರು. ಅವನು ಹೋದ ವಾರವೇ ಸ್ಪಂದನಾ ಬಂದಳು. ಮದುವೆಯಾಗಿ ಹೊಸದಾಗಿ ಊರಿಗೆ ಬಂದ ಹುಡುಗಿ, ಐದು ತಿಂಗಳ ಬಸುರಿ. ಅಂಗಳದ ಪಾಠ ಮುಗಿದು ಎಲ್ಲರೂ ಹೋದ ಮೇಲೆ ಹಿಂದೆಯೇ ಉಳಿದಳು.

"ಶೋಭನಕ್ಕ, ನಂಗೆ ಸ್ವಲ್ಪ ಸಬ್ಬಸಿಗೆ ಹಾಕೋದು ಹೇಳ್ಕೊಡ್ತೀರಾ? ಆಗಸ್ಟ್‌ಗೆ ಡೆಲಿವರಿ. ಈಗ್ಲಿಂದ ಪ್ಲಾನ್ ಮಾಡಿದ್ರೆ ಕರೆಕ್ಟಾಗಿ..."

"ಹಾಕ್ಬೇಡ!"

ಶೋಭನಾ ಎಷ್ಟು ಜೋರಾಗಿ ಕೂಗಿದಳೆಂದರೆ ಮೂರನೇ ಮಹಡಿಯ ಕಿಟಕಿಯಿಂದ ಯಾರೋ ಇಣುಕಿದರು. ಸ್ಪಂದನಾಳ ಕಣ್ಣಲ್ಲಿ ನೀರು ತುಂಬಿತು. ಏನು ತಪ್ಪಾಡಿದೆನೆಂದು ತಿಳಿಯದೆ "ಸಾರಿ ಅಕ್ಕ" ಎಂದು ಹೊರಟುಹೋದಳು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಡೆಯುವುದನ್ನು ಶೋಭನಾ ನೋಡುತ್ತ ನಿಂತಳು. ಕೂಗಿ ಕರೆದು ಏನಾದರೂ ಹೇಳಬೇಕೆನ್ನಿಸಿತು. ಏನೆಂದು ಹೇಳುವುದು?

ಮೇ ಬಂತು. ನೀಲಿ ಬಕೆಟ್ಟಿನಲ್ಲಿ ಏನೂ ಇರಲಿಲ್ಲ. ಚಳಿ ಜಾಸ್ತಿ, ತಡವಾಗಿದೆ ಎಂದುಕೊಂಡಳು. ಲೆಟ್ಯೂಸ್ ಕೊಯ್ಲಿಗೆ ಬಂತು, ಮೆಂತ್ಯ ಎರಡನೇ ಸಲ ಚಿಗುರಿತು. ನೀಲಿ ಬಕೆಟ್ಟಿನಲ್ಲಿ ಬರೀ ಮಣ್ಣು. ಶೋಭನಾ ಎದ್ದ ತಕ್ಷಣ ಹಲ್ಲುಜ್ಜುವ ಮುಂಚೆಯೇ ಹೋಗಿ ನೋಡತೊಡಗಿದಳು. ಕಬ್ಬಿಣದ ರಾತ್ರಿಗಳು ಕಳೆದವು. ಬಕೆಟ್ಟನ್ನು ಬಿಸಿಲಿಗೆ ಸರಿಸಿದಳು, ಬೆರಳು ಇಳಿಸಿ ನೋಡಿದಳು, ನೀರು ಹಾಕಿದಳು. ಮಗು ಹೋದ ಮೇಲಿನ ಆರು ವರ್ಷದಲ್ಲಿ ಆ ಬಕೆಟ್ಟಿಗೆ ಅವಳು ನೀರು ಹಾಕಿದ್ದು ಅದೇ ಮೊದಲು. ಏನೂ ಬರಲಿಲ್ಲ.

ಹೋಗಲಿ, ಕಾಟ ತಪ್ಪಿತು ಎಂದು ಹಿಗ್ಗಬೇಕಿತ್ತು. ಮಿಡ್‌ಸಮ್ಮರ್ ದಿನ ಊರೆಲ್ಲ ಹೂವಿನ ಕಿರೀಟ ಇಟ್ಟುಕೊಂಡು ಕುಣಿಯುತ್ತಿದ್ದಾಗ ಅವಳು ಬಾಲ್ಕನಿಯಲ್ಲಿ ಆ ಖಾಲಿ ಬಕೆಟ್ಟನ್ನು ತಬ್ಬಿಕೊಂಡು ಅತ್ತಳು. ಮಗು ಸತ್ತಾಗ ಬಾರದ ಅಳು. ಇಷ್ಟು ವರ್ಷ ತಾನು ಹೆದರಿದ್ದಲ್ಲ, ಕಾಯುತ್ತಿದ್ದೆ ಎಂದು ಅವಳಿಗೆ ಈಗ ತಿಳಿಯಿತು. ಎಷ್ಟು ಸಲ ಅಂತ ಬರುತ್ತದೆ ಅದೂ? ಬಂದಾಗಲೆಲ್ಲ ಕಿತ್ತು ಕಿತ್ತು, ಕಡೆಗೆ ಬೇಸತ್ತು ಹೋಗಿಬಿಟ್ಟಿದೆ.

ಜುಲೈ ಮೊದಲ ವಾರ ರಾಮದಾಸ ಬಂದ. ಸೂಟ್‌ಕೇಸಿನಿಂದ ಕೋಡುಬಳೆ, ಚಟ್ನಿಪುಡಿ ತೆಗೆದು ಊಟದ ಮೇಜಿನ ಮೇಲೆ ಇಡುತ್ತಿದ್ದ. ಶೋಭನಾ ಯಾವುದನ್ನೂ ಮುಟ್ಟಲಿಲ್ಲ.

"ಯಾಕೆ ಹಿಂಗಿದೀಯ? ಏನಾಯ್ತು?"

"ಈ ಸಲ ಅದು ಬರ್ಲಿಲ್ಲ ರೀ."

ಯಾವುದು ಎಂದು ಅವನು ಕೇಳಲಿಲ್ಲ. ಕೈಯಲ್ಲಿದ್ದ ಪೊಟ್ಟಣವನ್ನು ಹಾಗೇ ಹಿಡಿದು ನಿಂತ. ಶೋಭನಾ ಅದನ್ನು ಗಮನಿಸಿದಳು.

"ಯಾವ್ದು ಅಂತ ಯಾಕೆ ಕೇಳ್ಲಿಲ್ಲ?"

ರಾಮದಾಸ ಬಾಲ್ಕನಿಗೆ ಹೋಗಿ ಸೈಕಲ್ ರಿಪೇರಿಯ ತಗಡಿನ ಡಬ್ಬಿ ತಂದ. ಪಂಕ್ಚರ್ ತೇಪೆಗಳ ಕೆಳಗಿನಿಂದ ಅಮ್ಮ ಕಳಿಸಿದ್ದ ಬಿಳಿ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟ. ಅದರೊಳಗೆ ಈಗ ಇಲ್ಲಿಯ ಅಂಗಡಿಯ ಡಿಲ್ ಬೀಜ ಇತ್ತು.

"ಅಮ್ಮ ಕಳ್ಸಿದ್ರಲ್ಲಿ ನೀನು ಬಿತ್ತಿ ಉಳಿದಿದ್ದು ಮೂರ್ನೇ ವರ್ಷಕ್ಕೆ ಖಾಲಿ ಆಯ್ತು. ಆಮೇಲೆ ಇಲ್ಲೇ ತಗೊಂಡೆ," ಎಂದ. "ತಿಥಿ ಇಲ್ಲ ಅಂದ್ರು. ಹೆಸ್ರಿಲ್ಲ, ಏನೂ ಮಾಡೋ ಹಂಗಿಲ್ಲ ಅಂದ್ರು. ನಂಗೆ ಏನಾದ್ರೂ ಮಾಡ್ಬೇಕಿತ್ತು ಶೋಭಿ. ಮೊದಲ್ನೇ ವರ್ಷ ತಾನಾಗೇ ಬಂತು, ನೀನು ಕಿತ್ತೆ. ಮುಂದಿನ್ ವರ್ಷದಿಂದ ನಾನೇ ಒಂದ್ ಚಿಟಿಕೆ ಹಾಕ್ತಿದ್ದೆ. ಬಟ್ಟೆ ಒಣಹಾಕೋಕೆ ಹೋದಾಗ."

"ನಾನ್ ಕೀಳ್ತಿದ್ದೆ."

"ಗೊತ್ತು. ಕಸದ್ ಚೀಲದಲ್ಲಿ ನೋಡ್ತಿದ್ದೆ."

"ಗೊತ್ತಿದ್ದೂ ಯಾಕ್ರೀ ಹಾಕ್ತಿದ್ರಿ?"

"ನೀನು ಕೀಳೋ ತನಕ ಮೂರ್ನಾಲ್ಕು ದಿನ ಹಸ್ರಾಗಿ ಇರ್ತಿತ್ತಲ್ಲ." ಬಟ್ಟೆಯ ಗಂಟನ್ನು ಬೆರಳಲ್ಲಿ ತಿರುಗಿಸಿದ. "ಅಷ್ಟೇ ದಿನ ಸಾಕಾಗ್ತಿತ್ತು ನಂಗೆ."

ಮುಚ್ಚಿಟ್ಟಿದ್ದಕ್ಕೆ ಅವನ ಮೇಲೆ ಸಿಟ್ಟು ಬರಬೇಕೆಂದು ಶೋಭನಾ ಕಾದಳು, ಬರಲಿಲ್ಲ. ಆಮೇಲೆ ಅವಳೂ ಹೇಳಿದಳು: ನೇಮ ಮುರಿದು ಮೊದಲೇ ಬಿತ್ತಿದ್ದು, ಕುಲಾವಿಯ ಗಾದೆ, "ಬಂದ್ಯಾ" ಎಂದು ಕೇಳುತ್ತಿದ್ದುದು, ಎಲ್ಲ. ರಾಮದಾಸ ಅವಳ ಎರಡೂ ಕೈ ಹಿಡಿದುಕೊಂಡು ಕೇಳಿದ.

"ಸೊಪ್ಪು ಬಿತ್ತಿದ್ರೆ ಮಕ್ಳು ಸಾಯಲ್ಲ," ಎಂದ. "ನಾನು ಎತ್ಕೊಂಡಿದ್ದೆ ಅವಳನ್ನ. ನೀನು ಮಲ್ಗಿದ್ದಾಗ. ಕೂದ್ಲು ಇತ್ತು ಶೋಭಿ, ನಿನ್ ಥರ ಸುರುಳಿ ಸುರುಳಿ. ಆಸ್ಪತ್ರೆಯವ್ರು ಹೆಸ್ರೇನು ಅಂತ ಕೇಳಿದ್ರು. ನೀನು ಒಂದ್ಸಲ ನಿದ್ದೇಲಿ ಅಂದಿದ್ದೆ, ಅದನ್ನೇ ಹೇಳ್ದೆ. ಇರಾ ಅಂತ."

ಶೋಭನಾ ಆ ಹೆಸರನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡಳು. ಜೋರಾಗಿ ಹೇಳುವಷ್ಟು ಧೈರ್ಯ ಇನ್ನೂ ಬರಲಿಲ್ಲ. ಬೀಜದ ಗಂಟನ್ನು ತೆಗೆದುಕೊಂಡು ಬಾಲ್ಕನಿಗೆ ಹೋದಳು. ಗೆರೆ ಎಳೆದು, ತೆಳುವಾಗಿ ಉದುರಿಸಿ, ಮೇಲೆ ಚೂರೇ ಮಣ್ಣು ಮುಚ್ಚಿ, ಕೈಯಿಂದ ನೀರು ಚಿಮುಕಿಸಿದಳು. ಹೊಸಬರಿಗೆ ಮೆಂತ್ಯ ಬಿತ್ತುವುದನ್ನು ತೋರಿಸುವಾಗ ಮಾಡುವಂತೆಯೇ, ಒಂದೊಂದನ್ನೂ ಗಂಡನಿಗೆ ತೋರಿಸಿ ಮಾಡಿದಳು. ಹೀಗಲ್ಲದೆ ಇಷ್ಟು ವರ್ಷ ಒಂದೇ ಕಡೆ ಗುಪ್ಪೆ ಸುರಿಯುತ್ತಿದ್ದನೆಂದು ಬೈದಳು ಕೂಡ.

ಆಗಸ್ಟ್ ಮುಗಿಯುವಷ್ಟರಲ್ಲಿ ಬಕೆಟ್ಟು ತುಂಬಿತ್ತು. ಸ್ಪಂದನಾ ಗಂಡು ಮಗು ಹೆತ್ತು ಮನೆಗೆ ಬಂದಿದ್ದಳು. ಶೋಭನಾ ಅರ್ಧ ಸೊಪ್ಪು ಕತ್ತರಿಸಿ ಕಟ್ಟು ಕಟ್ಟಿ ತಾನೇ ಹೋಗಿ ಕೊಟ್ಟಳು. "ಅವತ್ತು ಬೈದೆ ಕಣೆ, ತಪ್ಪಾಯ್ತು. ಬೇಳೆ ಹಾಕಿ ಪಲ್ಯ ಮಾಡ್ಕೊ," ಎಂದಷ್ಟೇ ಹೇಳಿ, ಮಗುವಿನ ಅಂಗಾಲು ಮುಟ್ಟಿ ಬಂದಳು. ಉಳಿದರ್ಧ ಹಾಕಿ ರಾಮದಾಸ, ಅವಳ ಅಮ್ಮನಿಗೆ ಫೋನ್ ಮಾಡಿ ಕೇಳಿಕೊಂಡು, ಅಕ್ಕಿ ರೊಟ್ಟಿ ತಟ್ಟಿದ. ದೇಶದ ನಕ್ಷೆಯಂಥ ಆಕಾರ, ಒಂದು ಕಡೆ ಸೀದಿತ್ತು. ತುಪ್ಪ ಹಾಕಿ ಅವಳ ಮುಂದಿಟ್ಟು, "ತಿನ್ನು. ಬಾಣಂತಿ ಊಟ," ಎಂದ. ಆರು ವರ್ಷ ತಡವಾಗಿ ಶೋಭನಾ ತಿಂದಳು. ಕಣ್ಣೀರು ತಟ್ಟೆಗೆ ಬಿದ್ದರೂ ಬಿಡದೆ ತಿಂದಳು.

ಒಂದು ಗಿಡವನ್ನು ಮಾತ್ರ ಕತ್ತರಿಸದೆ ಬಿಟ್ಟರು. ಅದು ಅಕ್ಟೋಬರ್‌ನಲ್ಲಿ ಹೂವು ಬಿಟ್ಟಿತು, ಕಾಯಿ ಹಸಿರಾಗಿದ್ದಾಗಲೇ ಮಂಜು ಬಿದ್ದು ಬಾಡಿತು. ಬಲಿಯದ ಕಾಯಿ ಹುಟ್ಟುವುದಿಲ್ಲ. ಅದು ಅವಳ ಪಾಠದಲ್ಲೇ ಇದೆ. ಬಟ್ಟೆಯ ಗಂಟಿನಲ್ಲೂ ಬೀಜ ಮುಗಿದಿತ್ತು. ಮುಂದಿನ ಸಲ ಇಬ್ಬರೂ ಸೇರಿ ಬಿತ್ತೋಣ, ಜೂನ್ ಬರಲಿ ಎಂದು ಮಾತಾಡಿಕೊಂಡರು.

ಈ ವರ್ಷದ ಮೇ ತಿಂಗಳ ಒಂದು ಬೆಳಿಗ್ಗೆ ಲೆಟ್ಯೂಸ್ ಡಬ್ಬಿಗೆ ನೀರು ಹಾಕಲು ಹೋದ ಶೋಭನಾ ಅಲ್ಲಿಂದಲೇ ಗಂಡನನ್ನು ಕೂಗಿದಳು. ನೀಲಿ ಬಕೆಟ್ಟಿನ ನಡುವೆ ಒಂದೇ ಒಂದು ಮೊಳಕೆ, ಸೂಜಿಯಂಥ ಎರಡೆಲೆ.

"ನೀವಾ?"

"ಇಲ್ಲ." ರಾಮದಾಸ ಅವಳ ಮುಖ ನೋಡಿದ. "ನೀನಾ?"

"ನನ್ನಾಣೆ ಇಲ್ಲ."

ಇಬ್ಬರೂ ಮತ್ತೆ ಕೇಳಲಿಲ್ಲ. ಹಾರ್ಬರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ರಾಮದಾಸ ಬಗ್ಗಿ ಅಂಗೈ ಅಡ್ಡ ಹಿಡಿದ. ಶೋಭನಾ ಕೀಳುವ ಕೈಯನ್ನು ಸೆರಗಿಲ್ಲದ ಮಡಿಲಲ್ಲಿ ಅದುಮಿಟ್ಟುಕೊಂಡು ಅದರ ಎದುರು ಕೂತು, ಮೊದಲ ಸಲ ಹೆಸರು ಹಿಡಿದು ಕೇಳಿದಳು.

"ಬಂದ್ಯಾ, ಇರಾ?"